ಸಾಂಟಾ ಕ್ಲಾರಾದ ಕೋಚ್ ಜಾರ್ಜ್ ಹೇನ್ಸ್: ಪದಕದ ಲೆಕ್ಕ ಬಿಟ್ಟು ಮಾತಾಡೋಣ

ಕೀಲಿ ರಸ್ತೆಯವ

ಬೇ ಏರಿಯಾದಲ್ಲಿ ಮಕ್ಕಳನ್ನು ಈಜಿಗೆ ಹಾಕಿದ ಕನ್ನಡದವರಿಗೆಲ್ಲ ಸಾಂಟಾ ಕ್ಲಾರಾದ ಇಂಟರ್‌ನ್ಯಾಷನಲ್ ಸ್ವಿಮ್ ಸೆಂಟರ್ ಗೊತ್ತು. ಮೀಟ್ (ಈಜು ಸ್ಪರ್ಧೆ) ಅಂದರೆ ಮಡಚುವ ಕುರ್ಚಿ, ಚಿತ್ರಾನ್ನದ ಡಬ್ಬಿ ಹೊತ್ತುಕೊಂಡು ಹೋಗಿ ಇಡೀ ದಿನ ಬಿಸಿಲಲ್ಲಿ ಕೂತವರೇ ನಾವು. ಆ ಜಾಗದ ಪೂರ್ತಿ ಹೆಸರು ಶುರುವಾಗುವುದೇ ಜಾರ್ಜ್ ಎಫ್. ಹೇನ್ಸ್ ಅಂತ. ಯಾರೋ ದುಡ್ಡು ಕೊಟ್ಟ ದಾನಿ ಇರಬೇಕು ಅಂದುಕೊಂಡವರೇ ಜಾಸ್ತಿ. ದಾನಿ ಅಲ್ಲ, ಹೈಸ್ಕೂಲಿನ ಈಜು ಕೋಚ್.

ಹುಟ್ಟಿದ್ದು 1924ರಲ್ಲಿ, ಇಂಡಿಯಾನಾ ರಾಜ್ಯದ ಹಂಟಿಂಗ್ಟನ್ ಊರಲ್ಲಿ. ಅಲ್ಲಿನ ವೈಎಂಸಿಎ ಕೊಳದಲ್ಲಿ ಗ್ಲೆನ್ ಹಮ್ಮರ್ ಅನ್ನುವವರ ಕೈಯಲ್ಲಿ ಕಲಿತ ಹುಡುಗ. ಎರಡನೇ ಮಹಾಯುದ್ಧದ ಕಾಲಕ್ಕೆ ಕೋಸ್ಟ್ ಗಾರ್ಡ್, ಆಮೇಲೆ ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಓದು. 1950ರಲ್ಲಿ ಸಾಂಟಾ ಕ್ಲಾರಾ ಹೈಸ್ಕೂಲಿಗೆ ಕೋಚ್ ಆಗಿ ಸೇರಿದರು. ಶಾಲೆಯ ಈಜು ಸೀಸನ್ ವರ್ಷಕ್ಕೆ ಕೆಲವೇ ತಿಂಗಳು. ಉಳಿದ ತಿಂಗಳು ಮಕ್ಕಳು ಏನು ಮಾಡಬೇಕು? ಅದಕ್ಕೆ 1951ರಲ್ಲಿ ಸಾಂಟಾ ಕ್ಲಾರಾ ಸ್ವಿಮ್ ಕ್ಲಬ್ ಕಟ್ಟಿದರು. ಸಿಲಿಕಾನ್ ವ್ಯಾಲಿ ಅನ್ನುವ ಹೆಸರೇ ಹುಟ್ಟಿರದ ಕಾಲ. ಕಣಿವೆ ತುಂಬ ಏಪ್ರಿಕಾಟ್, ಪ್ಲಮ್ ತೋಟ, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆ. ಅಂಥ ಊರಿನಿಂದ ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ಒಲಿಂಪಿಕ್ಸ್‌ಗೆ ಹುಡುಗ ಹುಡುಗಿಯರು ಹೋಗುತ್ತಲೇ ಇದ್ದರು. ಮಾರ್ಕ್ ಸ್ಪಿಟ್ಜ್ ಹೆಸರು ಎಲ್ಲರೂ ಕೇಳಿದ್ದೀರಿ. ಅವನು ಆ ಸಾಲಿನಲ್ಲಿ ಒಬ್ಬ ಅಷ್ಟೇ.

1974ರಲ್ಲಿ ಕ್ಲಬ್ ಬಿಟ್ಟು ಯುಸಿಎಲ್ಎ ಕಾಲೇಜು ತಂಡ, ನಡುವೆ ಪೆನ್ಸಿಲ್ವೇನಿಯಾದ ಫಾಕ್ಸ್‌ಕ್ಯಾಚರ್ ಕ್ಲಬ್, 1982ರಿಂದ 88ರ ತನಕ ಸ್ಟ್ಯಾನ್‌ಫರ್ಡ್ ಮಹಿಳಾ ತಂಡ. 2006ರಲ್ಲಿ ತೀರಿಕೊಂಡರು. ಚಿನ್ನ ಎಷ್ಟು, ವಿಶ್ವದಾಖಲೆ ಎಷ್ಟು ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಹಾಕಬೇಡಿ. ನನಗೆ ಚರ್ಚೆ ಬೇಕಿರುವುದು ಬೇರೆ: ಶಾಲೆಯ ಕೊಳದ ಪಕ್ಕ ನಿಂತ ಒಬ್ಬ ಮೇಷ್ಟ್ರು ಇಷ್ಟು ದೂರ ಹೋದದ್ದು ಹೇಗೆ?

ಹುಬ್ಬಳ್ಳಿಯಾಂವ

ಹೇಗೆ ಅಂತ ಕೇಳಿದ್ರಿ, ನಾ ಹೇಳ್ತೀನಿ ನೋಡ್ರಿ. ಹುಡುಗರೇ ಅವರನ್ನ ಹುಡುಕ್ಕೊಂಡು ಬಂದರು. ಡಾನ್ ಶೊಲ್ಯಾಂಡರ್ ಆರೆಗನ್ ರಾಜ್ಯದಾಂವ. ಹದಿನೈದು ವರ್ಷಕ್ಕ ಮನಿ ಬಿಟ್ಟು ಸಾಂಟಾ ಕ್ಲಾರಾಕ್ಕ ಬಂದು, ಬ್ಯಾರೆಯವರ ಮನ್ಯಾಗ ಇದ್ದು ಈಜು ಕಲ್ತ. ಸ್ಪಿಟ್ಜ್ ಮನಿಯವರಂತೂ ಮಗನ ಸಲುವಾಗಿ ಸಂಸಾರನ ಕಿತ್ಕೊಂಡು ಬಂದರು, ಆಗ ಅವಗ ಹದಿನಾಲ್ಕು. ಲಿನ್ ಬರ್ಕ್ ಅಂತ ಹುಡುಗಿ ನ್ಯೂಯಾರ್ಕ್‌ನಿಂದ ಬಂದಿದ್ದಳು, 1960ರಾಗ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದಳು. ಮೊದಲೇ ಛಲೋ ಇದ್ದ ಹುಡುಗರು ಬಂದು ಸೇರಿದ ಮ್ಯಾಲೆ ಕೋಚ್‌ದು ಏನು ದೊಡ್ಡಸ್ತಿಕಿ? ನಮ್ಮ ಕಡೆ ಸಿಇಟಿ ಕೋಚಿಂಗ್‌ನವರು ಮಾಡೂದೂ ಇದನ್ನೇ. ರ‍್ಯಾಂಕ್ ಬರಾವರನ್ನ ಸೇರಿಸ್ಕೊಂಡು ಪೇಪರಿನಾಗ ಫೋಟೋ ಹಾಕ್ತಾರ.

ಕೀಲಿ ರಸ್ತೆಯವ

ಹುಬ್ಬಳ್ಳಿ ಸಾಹೇಬರೇ, ಅರ್ಧ ಒಪ್ಪಿದೆ. ಆದರೆ ಮೊದಲು ಬಂದವರು ಯಾಕೆ ಬಂದರು? ಅವರಿಗಿಂತ ಮುಂಚೆ ಅಲ್ಲಿ ಏನೋ ಕಂಡಿರಬೇಕಲ್ಲ. ಕ್ರಿಸ್ ವಾನ್ ಸಾಲ್ಟ್ಜಾ ಪಕ್ಕದ ಲಾಸ್ ಗಾಟೋಸ್ ಹೈಸ್ಕೂಲಿನ ಹುಡುಗಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹದಿನಾರನೇ ವಯಸ್ಸಿಗೆ 3 ಚಿನ್ನ, 1 ಬೆಳ್ಳಿ. ಆ ವರ್ಷ ಅಮೆರಿಕದ ಮಹಿಳಾ ತಂಡಕ್ಕೆ ಕೋಚ್ ಆಗಿ ಹೋದವರೂ ಹೇನ್ಸ್. ಸ್ಟೀವ್ ಕ್ಲಾರ್ಕ್ ಲಾಸ್ ಆಲ್ಟೋಸ್‌ನವನು. ಕ್ಲೌಡಿಯಾ ಕೋಲ್ಬ್ ಸಾಂಟಾ ಕ್ಲಾರಾ ಹೈಸ್ಕೂಲಿನವಳು. ಇವರೆಲ್ಲ ಸೈಕಲ್ ತುಳಿದುಕೊಂಡು ಬರಬಹುದಾದ, ಇಲ್ಲ ಅಪ್ಪ ಅಮ್ಮ ಕಾರಲ್ಲಿ ಬಿಟ್ಟು ಹೋಗಬಹುದಾದಷ್ಟು ದೂರದವರು.

ಸ್ಟೀವ್ ಕ್ಲಾರ್ಕ್ ಕತೆ ನನಗೆ ತುಂಬ ಇಷ್ಟ. 1964ರ ಆಯ್ಕೆ ಪಂದ್ಯದ ಹೊತ್ತಿಗೆ ಭುಜದ ನೋವು. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ನಾಲ್ಕನೆಯವನಾದ, ಒಂಟಿ ಸ್ಪರ್ಧೆಯ ಜಾಗ ಹೋಯಿತು, ರಿಲೇಗೆ ಮಾತ್ರ ಉಳಿದ. ಟೋಕಿಯೋದಲ್ಲಿ ಆ ಒಂಟಿ 100 ಮೀಟರ್ ಗೆದ್ದವನು ಅವನ ಕ್ಲಬ್ಬಿನ ಜೊತೆಗಾರ ಶೊಲ್ಯಾಂಡರ್, 53.4 ಸೆಕೆಂಡಿಗೆ. ರಿಲೇಯಲ್ಲಿ ಮೊದಲು ಹಾರಿದ ಕ್ಲಾರ್ಕ್ ತನ್ನ ಪಾಲಿನ 100 ಮೀಟರನ್ನು 52.9ಕ್ಕೆ ಮುಗಿಸಿದ. ವಿಶ್ವದಾಖಲೆಗೆ ಸರಿಸಮ! ಚಿನ್ನ ಗೆದ್ದವನಿಗಿಂತ ವೇಗ, ಆದರೆ ಒಂಟಿ ಪದಕ ಇಲ್ಲ. ಮೂರು ರಿಲೇ ಚಿನ್ನ ಹಿಡಿದುಕೊಂಡು ಮನೆಗೆ ಹೋದ. ಇಬ್ಬರೂ ನಮ್ಮ ಹುಡುಗರೇ ಅಂದಾಗ ಕೋಚ್ ಯಾವ ಮುಖ ಮಾಡಿಕೊಂಡು ಕೂರಬೇಕು ಹೇಳಿ.

ನೇತ್ರಾವತಿ ತೀರ

ಅದೇ ಟೋಕಿಯೋದಲ್ಲಿ ಡಿಕ್ ರಾತ್ ಕೂಡ ಇದ್ದ ಅಲ್ವಾ? ಸ್ಪರ್ಧೆಗೆ ಕೆಲವು ದಿನ ಮುಂಚೆ ಅಪೆಂಡಿಸೈಟಿಸ್. ಆಪರೇಷನ್ ಆಗಲೇಬೇಕು ಅಂದರಂತೆ, ಹುಡುಗ ಒಪ್ಪಲೇ ಇಲ್ಲ. ಅದೇ ಹೊಟ್ಟೆ ಇಟ್ಟುಕೊಂಡು 400 ಮೀಟರ್ ಮೆಡ್ಲೆ (ನಾಲ್ಕು ಬಗೆಯ ಈಜೂ ಒಂದರ ಹಿಂದೆ ಒಂದು) ಈಜಿ ವಿಶ್ವದಾಖಲೆಯೊಂದಿಗೆ ಚಿನ್ನ. ವಯಸ್ಸು ಹದಿನೇಳು! ನಾನು ಡಾಕ್ಟರ್. ಈ ಕತೆಯನ್ನು ಶೌರ್ಯ ಅಂತ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ ಮಾರಾಯ್ರೆ. ಅದು ಒಡೆದು ಹೋಗಿದ್ದರೆ? ಹದಿನೇಳರ ಹುಡುಗನ ಹಟಕ್ಕೆ ಸುತ್ತ ಇದ್ದ ದೊಡ್ಡವರೆಲ್ಲ ತಲೆಯಾಡಿಸಿದ್ದು ಸರಿಯಾ?

ಹುಬ್ಬಳ್ಳಿಯಾಂವ

ಡಾಕ್ಟರ್ ಮೇಡಂ ಮಾತಿಗೆ ನಂದೂ ಸೈ. ಗೆದ್ದ ಅಂತ ಕತಿ ಆತು, ಇಲ್ಲಂದ್ರ ಕೇಸ್ ಆಗ್ತಿತ್ತು.

ಲೇನ್ ನಾಲ್ಕು

ನಾನು ಇಲ್ಲಿ ಒಂದು ಹೈಸ್ಕೂಲಿನಲ್ಲಿ ಸಹಾಯಕ ಕೋಚ್, ಸಂಜೆ ಹೊತ್ತಿನ ಕೆಲಸ. ಕೆಲಸದ ಕಡೆಯಿಂದ ಒಂದೆರಡು ಮಾತು.

ಹೈಸ್ಕೂಲ್ ಕೋಚಿಂಗ್ ಅಂದರೆ ಪ್ರತಿಭೆ ಹುಡುಕುವುದಲ್ಲ, ಬಂದವರನ್ನು ಇಟ್ಟುಕೊಂಡು ತಂಡ ಕಟ್ಟುವುದು. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಸೀಸನ್ ಫೆಬ್ರವರಿಯಿಂದ ಮೇ ತನಕ. ಕೊಳ 25 ಗಜದ್ದು, ಮೀಟರ್ ಲೆಕ್ಕ ಇಲ್ಲ. ಒಬ್ಬರು ಒಂದು ಮೀಟ್‌ನಲ್ಲಿ ಹೆಚ್ಚೆಂದರೆ ನಾಲ್ಕು ಸ್ಪರ್ಧೆ, ಅದರಲ್ಲಿ ಒಂಟಿಯಾಗಿ ಎರಡೇ. ಹಾಗಾಗಿ ಒಬ್ಬ ಸ್ಪಿಟ್ಜ್ ಇದ್ದರೂ ಮೀಟ್ ಗೆಲ್ಲುವುದಿಲ್ಲ. ಎರಡನೇ, ಮೂರನೇ ಸ್ಥಾನದ ಅಂಕವೇ ಗೆಲ್ಲಿಸುವುದು. ಬ್ರೆಸ್ಟ್‌ಸ್ಟ್ರೋಕ್ ಹೊಡೆಯುವವನು ಮೂರನೆಯವನಾಗಿ ಬರುತ್ತಾನಾ, 500 ಗಜಕ್ಕೆ ಯಾರು ಇಳಿಯುತ್ತಾರೆ, ಇದನ್ನು ಹಿಂದಿನ ರಾತ್ರಿ ಕಾಗದದ ಮೇಲೆ ಗೀಚಿ ಅಳಿಸಿ ಕೂರುವುದೇ ಕೋಚ್ ಕೆಲಸ.

ಕ್ಲಬ್ಬಿನದು ಬೇರೆ. ಅಲ್ಲಿ ರಾಜ ಗಡಿಯಾರ. ಗೋಡೆಗೆ ಒರಗಿಸಿಟ್ಟ ದೊಡ್ಡ ಪೇಸ್ ಕ್ಲಾಕ್, ಅರವತ್ತು ಸೆಕೆಂಡಿಗೆ ಸುತ್ತು ಬರುವ ಕೆಂಪು ಮುಳ್ಳು. “ಹತ್ತು ನೂರು, ಒಂದೂ ಇಪ್ಪತ್ತರ ಮೇಲೆ” ಅಂದರೆ ನೂರು ನೂರರಂತೆ ಹತ್ತು ಸಲ, ಪ್ರತಿ ಎಂಬತ್ತು ಸೆಕೆಂಡಿಗೊಮ್ಮೆ ಹೊರಡಬೇಕು. ಬೇಗ ಮುಟ್ಟಿದರೆ ಅಷ್ಟು ಹೊತ್ತು ಉಸಿರು, ತಡವಾದರೆ ಉಸಿರಿಲ್ಲ. ಒಂದೇ ಲೇನಿನಲ್ಲಿ ಆರು ಮಕ್ಕಳು ಐದೈದು ಸೆಕೆಂಡ್ ಬಿಟ್ಟು ಹೊರಡುತ್ತಾರೆ. ಮುಂದಿನವಳ ಕಾಲಿಗೆ ಹಿಂದಿನವನ ಕೈ ತಾಗಿದರೆ ಆ ಲೇನಿನಲ್ಲಿ ಜಗಳ ಗ್ಯಾರಂಟಿ. ಶೊಲ್ಯಾಂಡರ್, ಕ್ಲಾರ್ಕ್, ಅದೇ ಕ್ಲಬ್ಬಿನ ಗ್ಯಾರಿ ಇಲ್ಮನ್ ಎಲ್ಲರೂ ಒಂದೇ ಕೊಳದಲ್ಲಿ ಇದ್ದರೆ ದಿನಾ ಸಂಜೆ ಅಭ್ಯಾಸವೇ ಒಲಿಂಪಿಕ್ ಫೈನಲ್. ಹುಬ್ಬಳ್ಳಿಯವರು ಹೇಳಿದ ‘ಬಂದು ಸೇರಿದವರು’ ವಾದಕ್ಕೆ ಇದೇ ನನ್ನ ಉತ್ತರ. ಸೇರಿದವರನ್ನು ಒಬ್ಬರಿಗೊಬ್ಬರು ತಾಗಿಸಿ ಬೆಳೆಸುವುದು ಸುಲಭ ಅಲ್ಲ ಸರ್. ಹತ್ತು ರಾಜಕುಮಾರರನ್ನು ಒಂದೇ ಲೇನಿಗೆ ಹಾಕಿ ನೋಡಿ.

ಇನ್ನೊಂದು. ಆಗ ಈಜು ಕನ್ನಡಕ ಇರಲಿಲ್ಲ ಅನ್ನುವಷ್ಟು ಕಡಿಮೆ. ಕ್ಲೋರಿನ್ ನೀರಲ್ಲಿ ಬರಿಗಣ್ಣು. ಸ್ಪಿಟ್ಜ್ 1972ರಲ್ಲಿ ಏಳು ಚಿನ್ನ ಗೆದ್ದದ್ದೂ ಕನ್ನಡಕ ಇಲ್ಲದೆ, ಟೋಪಿ ಇಲ್ಲದೆ, ಮೇಲಿಂದ ಮೀಸೆ ಬೇರೆ. ಈಗಿನ ಮಕ್ಕಳಿಗೆ ಕನ್ನಡಕದ ಪಟ್ಟಿ ಸ್ವಲ್ಪ ಸಡಿಲವಾದರೆ ಅಭ್ಯಾಸ ನಿಲ್ಲುತ್ತದೆ.

ನೇತ್ರಾವತಿ ತೀರ

ಸ್ಪಿಟ್ಜ್ ಏಳು ಗೆದ್ದಾಗ ಹೇನ್ಸ್ ಹತ್ತಿರ ಇರಲಿಲ್ಲ ಅಲ್ವಾ?

ಲೇನ್ ನಾಲ್ಕು

ಇಲ್ಲ ಮೇಡಂ. 1968ರ ಮೆಕ್ಸಿಕೋ ತನಕ ಸಾಂಟಾ ಕ್ಲಾರಾ. ಅಲ್ಲಿ ಅಮೆರಿಕದ ಪುರುಷರ ತಂಡಕ್ಕೆ ಹೇನ್ಸ್ ಅವರೇ ಕೋಚ್. ಸ್ಪಿಟ್ಜ್‌ಗೆ ಎರಡು ರಿಲೇ ಚಿನ್ನ, ಒಂದು ಬೆಳ್ಳಿ, ಒಂದು ಕಂಚು. ಬೇರೆಯವರಿಗೆ ಅದು ಜನ್ಮಕ್ಕಾಗುವಷ್ಟು, ಅವನಿಗೆ ಸೋಲು. ಅಷ್ಟು ಹೊತ್ತಿಗೆ ಇಬ್ಬರಿಗೂ ಸರಿ ಇರಲಿಲ್ಲ. ಆಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ, ಡಾಕ್ ಕೌನ್ಸಿಲ್ಮನ್ ಹತ್ತಿರ ಹೋದ. ಸ್ಪಿಟ್ಜ್‌ನನ್ನು ಚಿಕ್ಕಂದಿನಲ್ಲಿ ತಿದ್ದಿದವರು ಸ್ಯಾಕ್ರಮೆಂಟೋದ ಶೆರ್ಮ್ ಷಾವೂರ್. ಮೂರು ಜನ ಕೋಚ್, ಒಬ್ಬ ಹುಡುಗ. ಯಾರ ಶಿಷ್ಯ ಅಂತ ಇವತ್ತಿಗೂ ಕಿತ್ತಾಡುವವರಿದ್ದಾರೆ. ನನ್ನ ಪ್ರಕಾರ ಹದಿನಾಲ್ಕರಿಂದ ಹದಿನೆಂಟರ ನಡುವೆ ಯಾರ ಕೊಳದಲ್ಲಿ ಇದ್ದನೋ ಅವರ ಪಾಲು ದೊಡ್ಡದು. ಕಾಲೇಜಿಗೆ ಸಿಗುವುದು ತಯಾರಾದ ಹುಡುಗ. ಕೌನ್ಸಿಲ್ಮನ್ ಬಗ್ಗೆ ಗೌರವ ಇಲ್ಲದೆ ಹೇಳುತ್ತಿಲ್ಲ. ಐವತ್ತೆಂಟನೇ ವಯಸ್ಸಿಗೆ ಇಂಗ್ಲಿಷ್ ಕಾಲುವೆ ಈಜಿದ ಮನುಷ್ಯ ಅವರು.

ಬಸವನಗುಡಿ ಬೆಳಗು

ಎಲ್ಲರೂ ಹುಡುಗರ ಹಿಂದೆಯೇ ಬಿದ್ದಿದ್ದೀರಿ. ಹುಡುಗಿಯರ ಕಡೆ ಬನ್ನಿ ಸ್ವಲ್ಪ.

ಡೊನಾ ಡಿ ವರೋನಾ. 1960ರ ರೋಮ್‌ಗೆ ಹೋದಾಗ ಹದಿಮೂರು ವರ್ಷ, ಅಮೆರಿಕ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವಳು. ಸಾಂಟಾ ಕ್ಲಾರಾ ಹೈಸ್ಕೂಲ್ ವಿದ್ಯಾರ್ಥಿನಿ. 1964ರಲ್ಲಿ 400 ಮೀಟರ್ ಮೆಡ್ಲೆ ಚಿನ್ನ, ರಿಲೇಯಲ್ಲಿ ಇನ್ನೊಂದು. ಮರುವರ್ಷ ಈಜು ಬಿಟ್ಟಳು. ವಯಸ್ಸು ಹದಿನೇಳು! ಯಾಕೆ? ಮುಂದೆ ದಾರಿ ಇರಲಿಲ್ಲ. ಶೊಲ್ಯಾಂಡರ್, ಕ್ಲಾರ್ಕ್ ಯೇಲ್‌ನಲ್ಲಿ ಈಜಿದರು, ಸ್ಪಿಟ್ಜ್ ಇಂಡಿಯಾನಾದಲ್ಲಿ. ಇವಳಿಗೆ ಕಾಲೇಜಿನಲ್ಲಿ ಈಜಿನ ವಿದ್ಯಾರ್ಥಿವೇತನ ಕೊಡುವವರೇ ಇರಲಿಲ್ಲ. ವಾನ್ ಸಾಲ್ಟ್ಜಾ ಕತೆಯೂ ಅದೇ. ಮೂರು ಚಿನ್ನ ಗೆದ್ದವಳು ಸ್ಟ್ಯಾನ್‌ಫರ್ಡ್‌ಗೆ ಹೋದದ್ದು ಓದಲು, ಈಜಲು ಅಲ್ಲ. ಒಂದೇ ಕೊಳ, ಒಂದೇ ಕೋಚ್, ಒಂದೇ ಗಡಿಯಾರ. ಹದಿನೆಂಟು ತುಂಬಿದ ಕೂಡಲೇ ಹುಡುಗನಿಗೆ ಬಾಗಿಲು, ಹುಡುಗಿಗೆ ಗೋಡೆ.

ನಾನು ಬಸವನಗುಡಿಯಲ್ಲಿ ಈಜುತ್ತಿದ್ದವಳು, ರಾಜ್ಯಮಟ್ಟದ ತನಕ. ಪಿಯುಸಿ ಬಂತು. ಹಾಜರಾತಿ ಕೊಡಿ ಅಂತ ಕೇಳಲು ಹೋದರೆ ಕಾಲೇಜಿನವರು “ಈಜಿ ಏನಮ್ಮ ಮಾಡ್ತೀಯ” ಅಂದರು. ಅಪ್ಪನೂ ಅದನ್ನೇ ಬೇರೆ ಥರ ಹೇಳಿದರು. ಬಿಟ್ಟೆ. ನನ್ನ ಜೊತೆ ಬಿಟ್ಟವರು ಒಬ್ಬಿಬ್ಬರಲ್ಲ. ಈಗ ಧಿನಿಧಿ ದೇಸಿಂಗು ಹದಿನಾಲ್ಕಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅವಳ ಹದಿನೆಂಟನೇ ವರ್ಷ. ಅಷ್ಟು ಹೊತ್ತಿಗೆ ಏನಾದರೂ ಬದಲಾಗಿರುತ್ತಾ ಅಂತ.

ಕೀಲಿ ರಸ್ತೆಯವ

ಮೇಡಂ, ನಾನು ಈ ಚರ್ಚೆ ಶುರು ಮಾಡಿದ್ದೇ ಇದಕ್ಕೆ, ಹೇಳಲು ದಾರಿ ಸಿಕ್ಕಿರಲಿಲ್ಲ.

1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಕೇಂದ್ರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ. ಕಾನೂನಿನಲ್ಲಿ ಆಟದ ಹೆಸರೇ ಇಲ್ಲ, ಆದರೆ ದೊಡ್ಡ ಪೆಟ್ಟು ಬಿದ್ದದ್ದು ಆಟದ ಮೈದಾನಕ್ಕೆ. ಕಾಲೇಜುಗಳು ಹೆಂಗಸರ ತಂಡ ಕಟ್ಟಲೇಬೇಕಾಯಿತು, ವಿದ್ಯಾರ್ಥಿವೇತನ ಕೊಡಲೇಬೇಕಾಯಿತು. ಡಿ ವರೋನಾ ಅಷ್ಟು ಹೊತ್ತಿಗೆ ಟಿವಿಯಲ್ಲಿ ಕ್ರೀಡಾ ವರದಿಗಾರ್ತಿ. ಆ ಕಾನೂನನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಓಡಾಡಿದವರಲ್ಲಿ ಒಬ್ಬಳು, ವಿಮೆನ್ಸ್ ಸ್ಪೋರ್ಟ್ಸ್ ಫೌಂಡೇಶನ್ನಿನ ಮೊದಲ ಅಧ್ಯಕ್ಷೆ.

ಕ್ಲೌಡಿಯಾ ಕೋಲ್ಬ್ ನೋಡಿ. ಹದಿನಾಲ್ಕಕ್ಕೆ ಟೋಕಿಯೋದಲ್ಲಿ ಬ್ರೆಸ್ಟ್‌ಸ್ಟ್ರೋಕ್ ಬೆಳ್ಳಿ, 1968ರಲ್ಲಿ ಎರಡು ಮೆಡ್ಲೆ ಚಿನ್ನ. ಆಮೇಲೆ ಸ್ಟ್ಯಾನ್‌ಫರ್ಡ್ ಮಹಿಳಾ ತಂಡಕ್ಕೆ ಕೋಚ್ ಆಗಿ, 1980ರಲ್ಲಿ ಆ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದಳು. ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ರಾಷ್ಟ್ರೀಯ ಸಂಘ) ಆಗಿನ್ನೂ ಹೆಂಗಸರ ಸ್ಪರ್ಧೆ ನಡೆಸುತ್ತಿರಲಿಲ್ಲ, ಹೆಂಗಸರದೇ ಬೇರೆ ಸಂಘ ನಡೆಸುತ್ತಿತ್ತು. ಎನ್‌ಸಿಎಎಯ ಮೊದಲ ಮಹಿಳಾ ಈಜು ಸ್ಪರ್ಧೆ ನಡೆದದ್ದೇ 1982ರಲ್ಲಿ, ಗೆದ್ದದ್ದು ಫ್ಲೋರಿಡಾ. ಅದೇ ವರ್ಷ ಸ್ಟ್ಯಾನ್‌ಫರ್ಡ್ ಮಹಿಳಾ ತಂಡಕ್ಕೆ ಬಂದರು ಹೇನ್ಸ್. ಮರುವರ್ಷ, 1983ರಲ್ಲಿ, ಸ್ಟ್ಯಾನ್‌ಫರ್ಡ್ ಗೆದ್ದಿತು.

ಅಂದರೆ ಶಿಷ್ಯೆ ಕೂತೆದ್ದ ಕುರ್ಚಿಯಲ್ಲಿ ಗುರು ಬಂದು ಕೂತ. ವಾನ್ ಸಾಲ್ಟ್ಜಾಗೆ ಈಜಲು ವಿದ್ಯಾರ್ಥಿವೇತನ ಕೊಡಲಾಗದ ಅದೇ ವಿಶ್ವವಿದ್ಯಾಲಯದಲ್ಲಿ, ಅವಳನ್ನು ಬೆಳೆಸಿದ ಕೋಚ್ ಇಪ್ಪತ್ತು ವರ್ಷ ಆದಮೇಲೆ ಹುಡುಗಿಯರ ತಂಡ ನಡೆಸಿದ. ಒಲಿಂಪಿಕ್ ಚಿನ್ನ ಪಕ್ಕಕ್ಕಿಡಿ, ನನಗೆ ಅವರ ವೃತ್ತಿಜೀವನದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಆರು ವರ್ಷ.

ಹುಬ್ಬಳ್ಳಿಯಾಂವ

ಇದು ನನಗ ಗೊತ್ತಿರಲಿಲ್ಲ ಬಿಡ್ರಿ. ಆದ್ರ ಒಂದು ಮಾತು. ಕಾನೂನು ಬಂದ ಮ್ಯಾಲೆ ಪಗಾರ ಕೊಟ್ಟು ಕರದ್ರು, ಅವರು ಹೋದ್ರು. ಕಾನೂನು ಮಾಡಿಸಿದ ಹೆಣಮಕ್ಕಳದು ದೊಡ್ಡದೋ, ನೌಕರಿಗೆ ಬಂದ ಕೋಚ್‌ದು ದೊಡ್ಡದೋ?

ಬಸವನಗುಡಿ ಬೆಳಗು

ನಿಮ್ಮ ಪ್ರಶ್ನೆ ಸರಿ ಇದೆ. ಹೋರಾಟ ಹುಡುಗಿಯರದೇ, ಅದನ್ನು ಕೋಚ್ ತಲೆಗೆ ಕಟ್ಟಬೇಡಿ. ಆದರೆ 1950ರ ದಶಕದಲ್ಲಿ ಹುಡುಗಿಯರಿಗೆ ಹುಡುಗರಷ್ಟೇ ಕಠಿಣ ಅಭ್ಯಾಸ ಕೊಟ್ಟ ಕೋಚ್‌ಗಳು ಎಷ್ಟು ಜನ ಇದ್ದರು? ನೀನು ಇಷ್ಟು ಈಜಬಲ್ಲೆ ಅಂತ ಹದಿಮೂರಕ್ಕೆ ತೋರಿಸಿಕೊಟ್ಟಿದ್ದಕ್ಕೇ ಹದಿನೇಳಕ್ಕೆ ಗೋಡೆ ಎದುರಾದಾಗ ಅವರಿಗೆ ಸಿಟ್ಟು ಬಂದದ್ದು. ನಮಗೆ ಸಿಟ್ಟೇ ಬರಲಿಲ್ಲ, ಎಲ್ಲರೂ ಹೀಗೇ ಬಿಡುತ್ತಾರೆ ಅಂದುಕೊಂಡೆವು.

ಲೇನ್ ನಾಲ್ಕು

ಹವಾಯಿಯ ಸೋಯಿಚಿ ಸಕಾಮೊಟೊ ಅವರನ್ನೂ ಈ ಸಾಲಿಗೆ ಸೇರಿಸಿ. ಮಾವಿ ದ್ವೀಪದ ಪುವುನೇನೆಯಲ್ಲಿ ಶಾಲಾ ಮೇಷ್ಟ್ರು. ಕಬ್ಬಿನ ತೋಟದ ಕೂಲಿಗಳ ಮಕ್ಕಳಿಗೆ ಕೊಳ ಎಲ್ಲಿಂದ ಬರಬೇಕು? ಗದ್ದೆಗೆ ನೀರು ಹಾಯಿಸುವ ಕಾಲುವೆಗೇ ಇಳಿಸಿದರು, ಹರಿವಿಗೆ ಎದುರಾಗಿ ಈಜಿಸಿದರು. 1937ರಲ್ಲಿ ಮೂರು ವರ್ಷದ ಕ್ಲಬ್ ಅಂತ ಕಟ್ಟಿ 1940ರ ಒಲಿಂಪಿಕ್ಸ್ ಗುರಿ ಇಟ್ಟರು. ಯುದ್ಧ ಬಂದು ಆ ಒಲಿಂಪಿಕ್ಸೇ ನಡೆಯಲಿಲ್ಲ. 1948ರಲ್ಲಿ ಅವರ ಹುಡುಗ ಬಿಲ್ ಸ್ಮಿತ್ ಲಂಡನ್‌ನಲ್ಲಿ 400 ಮೀಟರ್ ಫ್ರೀಸ್ಟೈಲ್ ಗೆದ್ದ. ಅವರೂ ಶಾಲೆಯಿಂದ ಶುರು ಮಾಡಿ ಹವಾಯಿ ವಿಶ್ವವಿದ್ಯಾಲಯದ ಕೋಚ್ ಆದವರೇ.

ಒಲಿಂಪಿಕ್ಸ್ ತಪ್ಪುವ ಯೋಗ ಹೇನ್ಸ್‌ಗೂ ಇತ್ತು. 1980ರ ತಂಡಕ್ಕೆ ಮುಖ್ಯ ಕೋಚ್ ಅವರೇ. ಆ ಒಲಿಂಪಿಕ್ಸನ್ನು ಬಹಿಷ್ಕರಿಸಿದ ಅಮೆರಿಕ ಮಾಸ್ಕೋಗೆ ಹೋಗಲೇ ಇಲ್ಲ. ಮಾಸ್ಕೋದ ಈಜು ಮುಗಿದ ಮೇಲೆ ಅರ್ವೈನ್‌ನಲ್ಲಿ ಆಯ್ಕೆ ಪಂದ್ಯ ನಡೆಸಿದರು, ಎಲ್ಲಿಗೂ ಹೋಗದ ತಂಡವನ್ನು ಆರಿಸಲು. ನಾಲ್ಕು ವರ್ಷ ತಯಾರಾದ ಮಕ್ಕಳಿಗೆ ಆ ಕೊಳದ ದಂಡೆಯಲ್ಲಿ ನಿಂತು ಏನು ಹೇಳಬೇಕು, ನನಗಂತೂ ತೋಚುವುದಿಲ್ಲ.

ನೇತ್ರಾವತಿ ತೀರ

ಅಂದ ಹಾಗೆ ಹೇನ್ಸ್ ಕಲಿಸಿದ ಆ ಹೈಸ್ಕೂಲ್ ಎಂದರೆ ಈಗ ಬೆಂಟನ್ ರಸ್ತೆಯಲ್ಲಿರುವುದೇನಾ? ಅದರ ಹತ್ತಿರವೇ ನನ್ನ ತಂಗಿ ಮನೆ.

ಕೀಲಿ ರಸ್ತೆಯವ

ಹೆಸರು ಅದೇ, ಕಟ್ಟಡ ಬೇರೆ ಮೇಡಂ. ಆಗಿನ ಹೈಸ್ಕೂಲ್ ಇದ್ದ ಜಾಗದಲ್ಲಿ ಈಗ ಬುಕ್ಸರ್ ಮಿಡ್ಲ್ ಸ್ಕೂಲ್ ಇದೆ.

ಬಸವನಗುಡಿ ಬೆಳಗು

ಲೇನ್ ನಾಲ್ಕು ಸರ್, ಒಂದು ಸ್ವಂತ ವಿಷಯ ಕೇಳಬಹುದಾ? ನನ್ನ ಅಕ್ಕನ ಮಗಳು ಬೇಸಿಗೆಗೆ ಸನ್ನಿವೇಲ್‌ಗೆ ಬರುತ್ತಿದ್ದಾಳೆ, ಅಪ್ಪನ ಕೆಲಸದ ಮೇಲೆ. ಇಲ್ಲಿ ಹತ್ತನೇ ಕ್ಲಾಸ್ ಅಂತ ಈಜು ಬಿಡಿಸಿದ್ದಾರೆ. ಒಂದು ವರ್ಷದಿಂದ ನೀರಿಗೆ ಇಳಿದಿಲ್ಲ. ಅಲ್ಲಿ ಶಾಲೆ ತಂಡಕ್ಕೆ ಸೇರಿಸಿಕೊಳ್ಳುತ್ತಾರಾ? ದೊಡ್ಡ ಟೈಮಿಂಗ್ ಏನೂ ಇಲ್ಲ ಅವಳದು.

ಲೇನ್ ನಾಲ್ಕು

ಧಾರಾಳವಾಗಿ ಕೇಳಿ ಮೇಡಂ. ಒಂದೊಂದು ಶಾಲೆಯದು ಒಂದೊಂದು ಪದ್ಧತಿ, ಆದರೆ ಎಷ್ಟೋ ಕಡೆ ಈಜು ಬಂದರೆ ಸಾಕು, ಯಾರನ್ನೂ ವಾಪಸ್ ಕಳಿಸುವುದಿಲ್ಲ. ಚೆನ್ನಾಗಿ ಈಜುವವರಿಗೆ ವಾರ್ಸಿಟಿ, ಉಳಿದವರಿಗೆ ಜೂನಿಯರ್ ವಾರ್ಸಿಟಿ. ಮೊದಲು ಡಾಕ್ಟರ ಫಿಟ್‌ನೆಸ್ ಫಾರಂ ತುಂಬಿಸಿ ಇಡಿ, ಅದಿಲ್ಲದೆ ನೀರಿಗೆ ಇಳಿಸುವುದಿಲ್ಲ. ಸೀಸನ್ ಫೆಬ್ರವರಿಗೆ, ಅಷ್ಟರಲ್ಲಿ ನಾಲ್ಕಾರು ತಿಂಗಳು ಸಿಗುತ್ತದೆ, ಉಸಿರು ವಾಪಸ್ ಬರಲು ಸಾಕು. ಬೆಂಗಳೂರಿನಲ್ಲಿ 50 ಮೀಟರ್ ಕೊಳದಲ್ಲಿ ಕಲಿತವಳಾದರೆ ಇಲ್ಲಿನ 25 ಗಜದಲ್ಲಿ ಟರ್ನ್ ಜಾಸ್ತಿ, ಅದನ್ನು ಈಗಿನಿಂದಲೇ ಅಭ್ಯಾಸ ಮಾಡಲಿ. ಮತ್ತೆ ಕೋಚ್ “500 ಫ್ರೀ ಯಾರು ಹೊಡೀತೀರ” ಅಂತ ಕೇಳಿದಾಗ ಎಲ್ಲರೂ ನೆಲ ನೋಡುತ್ತಾರೆ. ಆಗ ಇವಳು ಕೈ ಎತ್ತಲಿ. ಆ ಸೀಸನ್ ಪೂರ್ತಿ ತಂಡದಲ್ಲಿ ಜಾಗ ಖಾಯಂ.

ಹುಬ್ಬಳ್ಳಿಯಾಂವ

500 ಗಜ ಅಂದ್ರ ಇಪ್ಪತ್ತು ಉದ್ದ. ಪಾಪ ಆ ಕೂಸಿಗೆ ಮೊದಲು ಕೇಳ್ರಿ!

ಬಸವನಗುಡಿ ಬೆಳಗು

ಕೇಳಿದೆ. 800 ಮೀಟರ್ ಇಲ್ವಾ ಅಂತಾಳೆ.